ನಂದಿ ಬೆಟ್ಟವನ್ನು ತಾಮ್ರಕ್ಕೆ ಇಳಿಸುವುದು ಹೇಗೆ? ಹಳೆಯ ಎಚಿಂಗ್ ಚಿತ್ರಗಳನ್ನು ನೋಡುವ, ಮಾಡುವ ಸಮಗ್ರ ಮಾರ್ಗದರ್ಶಿ

ನಂದಿ ಬೆಟ್ಟದ ಹಳೆಯ ಚಿತ್ರವನ್ನು ನೀವು ಎಲ್ಲೋ ಒಂದು ಕಡೆ ನೋಡಿರುತ್ತೀರಿ. ಹೋಟೆಲ್ ಗೋಡೆಯಲ್ಲೋ, ಕ್ಯಾಲೆಂಡರ್‌ನಲ್ಲೋ, ಯಾರೋ ಕಳಿಸಿದ ವಾಟ್ಸಾಪ್ ಮೆಸೇಜಿನಲ್ಲೋ. ಕಡಿದಾದ ಬಂಡೆ, ತಲೆಯ ಮೇಲೆ ಕೋಟೆ ಗೋಡೆ, ಕೆಳಗೊಂದು ದೊಡ್ಡ ಮರ, ಮರದ ಪಕ್ಕ ನಾಲ್ಕಾರು ಜನ. ಇಂಥ ಚಿತ್ರಗಳ ಹಿಂದೆ ಒಂದು ಯುದ್ಧ ಇದೆ. 1791ರ ಅಕ್ಟೋಬರ್ 19ರಂದು ಟಿಪ್ಪುವಿನ ನಂದಿದುರ್ಗ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯದ ಕೈಗೆ ಹೋಯಿತು. ಆ ಸೈನ್ಯದ ಜೊತೆ ಚಿತ್ರ ಬರೆಯಬಲ್ಲವರೂ ಇದ್ದರು. ಸರ್ವೇ ಮಾಡುತ್ತಿದ್ದ ಕೋಲ್‌ಬ್ರೂಕ್, ಅಧಿಕಾರಿ ಅಲೆಕ್ಸಾಂಡರ್ ಆಲನ್, ಫಿರಂಗಿ ದಳದ ಜೇಮ್ಸ್ ಹಂಟರ್, ವೃತ್ತಿಯಿಂದಲೇ ಚಿತ್ರಕಾರನಾಗಿದ್ದ ರಾಬರ್ಟ್ ಹೋಮ್. ಮೈಸೂರು ಸೀಮೆಯ ದುರ್ಗಗಳನ್ನು ಅವರು ಪೆನ್ಸಿಲ್ಲು, ಜಲವರ್ಣಗಳಲ್ಲಿ ಬರೆದುಕೊಂಡರು. ಆ ಹಾಳೆಗಳು ಹಡಗು ಹತ್ತಿ ಲಂಡನ್ನಿಗೆ ಹೋದವು. ಅಲ್ಲಿನ ಕೆಲಸಗಾರರು ಅವನ್ನು ತಾಮ್ರದ ತಗಡಿಗೆ ಇಳಿಸಿ, ಕೊರೆದು, ಪ್ರತಿ ತೆಗೆದರು. ಕೊರೆದವರು ನಮ್ಮ ಬೆಟ್ಟವನ್ನು ಕಣ್ಣಾರೆ ಕಂಡವರಲ್ಲ.

ಹಂಟರ್‌ನ ವಿಷಯವನ್ನೇ ತಗೊಳ್ಳಿ. ಅವನು 1792ರಲ್ಲೇ ತೀರಿಕೊಂಡ. ಅವನ ಮೈಸೂರಿನ ಚಿತ್ರಗಳು ಬಣ್ಣದಲ್ಲಿ ಅಚ್ಚಾಗಿದ್ದು 1804-05ರಲ್ಲಿ. ತಗಡಿನ ಮೇಲೆ ಏನು ಬಂತು, ಏನು ಬಿಟ್ಟುಹೋಯಿತು ಅಂತ ನೋಡಿ ಹೇಳಲು ಅವನೇ ಇರಲಿಲ್ಲ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು. ಈ ಚಿತ್ರಗಳನ್ನು ಸುಮ್ನೆ ನೋಡಿದರೆ ಸಾಲದು, ಒಂದಾದರೂ ಮಾಡಿ ನೋಡಬೇಕು. ದೂರದ ಬೆಟ್ಟ ಯಾಕೆ ತೆಳ್ಳಗಿದೆ, ಮುಂದಿನ ಮರ ಯಾಕೆ ಅಷ್ಟು ಕಪ್ಪು, ಆಕಾಶದಲ್ಲಿ ಯಾಕೆ ಮರಳು ಹರಡಿದಂತಿದೆ ಅನ್ನೋದು ತಗಡನ್ನು ಕೈಯಲ್ಲಿ ಹಿಡಿದಾಗಲೇ ಗೊತ್ತಾಗುತ್ತದೆ. ಅದು ಗೊತ್ತಾದ ಮೇಲೆ ಆ ಚಿತ್ರದಲ್ಲಿ ಎಷ್ಟು ನಂದಿ, ಎಷ್ಟು ಲಂಡನ್ ಅಂತ ಬೇರೆ ಮಾಡಿ ನೋಡಬಹುದು. ಎಚಿಂಗ್ ಅಂದರೆ ತಗಡಿಗೆ ಲೇಪ ಬಳಿದು, ಸೂಜಿಯಿಂದ ಲೇಪ ಸರಿಸಿ ಗೆರೆ ಎಳೆದು, ಆ ಗೆರೆಯನ್ನು ಆಸಿಡ್‌ನಿಂದ ಕೊರೆಸಿ, ಶಾಯಿ ತುಂಬಿ ಕಾಗದಕ್ಕೆ ಒತ್ತುವ ವಿಧಾನ. ಈ ಬರಹ ಇರೋದು ಈ ಕ್ರಮದಲ್ಲಿ: ಮೊದಲು ನೋಡುವುದು, ಆಮೇಲೆ ಮಾಡುವುದು, ಕೊನೆಗೆ ಬೆಟ್ಟದ ಮುಂದೆ ನಿಂತು ಮತ್ತೆ ನೋಡುವುದು.

ಹಂತ 1: ಹಳೆಯ ಚಿತ್ರವನ್ನು ಓದಲು ಕಲಿಯಿರಿ

10 ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ ಬೇಕು. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ವಾ, ಆ ಥರದ್ದೂ ನಡೆಯುತ್ತದೆ.

ಮೊದಲು ಹುಡುಕಬೇಕಾದದ್ದು ಚುಕ್ಕಿ. ಕನ್ನಡಿಯ ಕೆಳಗೆ ಸಾಲುಸಾಲಾಗಿ ಜೋಡಿಸಿದ ಬಣ್ಣದ ಚುಕ್ಕಿಗಳು ಕಂಡರೆ ಅದು ಈಚಿನ ಆಫ್‌ಸೆಟ್ ಪ್ರತಿ. ಹಳೇ ಚಿತ್ರ ಅಂತ ಫ್ರೇಮ್ ಹಾಕಿ ಮಾರುವುದರಲ್ಲಿ ಇಂಥವೇ ಜಾಸ್ತಿ. ಗೋಡೆಯ ಅಂದಕ್ಕೆ ಅದು ಸಾಕು, ಹಳೆಯ ಪ್ರಿಂಟಿನ ಬೆಲೆ ಮಾತ್ರ ಕೊಡಬೇಡಿ.

ಚುಕ್ಕಿ ಇಲ್ಲದಿದ್ದರೆ ಚಿತ್ರದ ಸುತ್ತ ನೋಡಿ. ತಾಮ್ರದ ತಗಡನ್ನು ಒದ್ದೆ ಕಾಗದದ ಮೇಲೆ ಭಾರಿ ಒತ್ತಡದಲ್ಲಿ ಒತ್ತಿದಾಗ ತಗಡಿನ ಅಂಚು ಕಾಗದದಲ್ಲಿ ಒಂದು ತಗ್ಗು ಗೆರೆ ಬಿಡುತ್ತದೆ. ಇದನ್ನು ಪ್ಲೇಟ್ ಮಾರ್ಕ್ ಅನ್ನುತ್ತಾರೆ. ಕಾಗದದ ಅಂಚು ಕತ್ತರಿಸಿದ್ದರೆ ಇದು ಕಾಣದೆಯೂ ಇರಬಹುದು. ಇನ್ನೊಂದು ಗುರುತು ಶಾಯಿ. ಮೊಬೈಲ್ ಟಾರ್ಚನ್ನು ಪಕ್ಕದಿಂದ, ಕಾಗದಕ್ಕೆ ತಾಗುವಷ್ಟು ತಗ್ಗಿಸಿ ಹಿಡಿಯಿರಿ. ಗೆರೆಗಳು ಕಾಗದದಿಂದ ಒಂಚೂರು ಮೇಲೆದ್ದು ನಿಂತಿರುತ್ತವೆ. ಯಾಕೆಂದರೆ ಶಾಯಿ ಕೂತಿದ್ದು ತಗಡಿನ ತಗ್ಗಿನಲ್ಲಿ. ಕಾಗದ ಆ ತಗ್ಗಿನೊಳಗೆ ಇಳಿದು ಶಾಯಿಯನ್ನು ಎಳೆದುಕೊಂಡು ಬಂದಿದೆ. ಬೆರಳಿಂದ ಸವರಿ ಪರೀಕ್ಷೆ ಮಾಡಲು ಹೋಗಬೇಡಿ. ಬೆರಳಿನ ಜಿಡ್ಡು ಹಳೆಯ ಕಾಗದಕ್ಕೆ ಕೇಡು.

ಈಗ ಗೆರೆಯ ತುದಿ. ಉಳಿಯಿಂದ ಕೊರೆದ ಗೆರೆ ತೆಳ್ಳಗೆ ಶುರುವಾಗಿ, ನಡುವೆ ದಪ್ಪವಾಗಿ, ಮತ್ತೆ ಚೂಪಾಗಿ ಮುಗಿಯುತ್ತದೆ. ಅದು ಎನ್‌ಗ್ರೇವಿಂಗ್. ಆಸಿಡ್ ತಿಂದ ಗೆರೆ ಮೊದಲಿಂದ ಕೊನೆಯ ತನಕ ಹೆಚ್ಚುಕಡಿಮೆ ಒಂದೇ ದಪ್ಪ, ತುದಿ ಮೊಂಡು, ಅಂಚು ಸ್ವಲ್ಪ ಒರಟು. ಅದು ಎಚಿಂಗ್. ಎರಡನ್ನೂ ಒಂದೇ ತಗಡಿನಲ್ಲಿ ಬೆರೆಸಿದ ಪ್ರಿಂಟ್‌ಗಳೂ ಬೇಕಾದಷ್ಟಿವೆ. ಇನ್ನು ಆಕಾಶ, ನೀರು, ನೆರಳಿನ ಜಾಗದಲ್ಲಿ ಗೆರೆಯೇ ಇಲ್ಲದೆ ಸಣ್ಣ ಸಣ್ಣ ಬಿಳಿ ದ್ವೀಪಗಳ ಸುತ್ತ ಬೂದು ಬಣ್ಣ ಹರಡಿದ್ದರೆ ಅದು ಅಕ್ವಾಟಿಂಟ್. ರಾಳದ ಪುಡಿ ಹರಡಿ ಮಾಡುವ ಕೆಲಸ ಅದು. ಫ್ರಾನ್ಸ್‌ನಲ್ಲಿ 1760ರ ದಶಕದಲ್ಲಿ ಲಪ್ರಾನ್ಸ್ ಇದನ್ನು ಹದಕ್ಕೆ ತಂದ. ಇಂಗ್ಲೆಂಡಿನಲ್ಲಿ ಪಾಲ್ ಸ್ಯಾಂಡ್‌ಬಿ 1775ರಲ್ಲಿ ಇದೇ ವಿಧಾನದಲ್ಲಿ ವೇಲ್ಸ್‌ನ ದೃಶ್ಯಗಳನ್ನು ಹೊರತಂದ. ಜಲವರ್ಣದಲ್ಲಿ ಬರೆದ ಬೆಟ್ಟ, ಮಂಜು, ಮೋಡವನ್ನು ಅಚ್ಚಿಗೆ ತರಲು ಆಗ ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಕೋಲ್‌ಬ್ರೂಕ್, ಆಲನ್, ಹಂಟರ್ ಮೂವರ ಚಿತ್ರಗಳೂ ಅಕ್ವಾಟಿಂಟ್ ಆಗಿಯೇ ಬಂದವು.

ಕೆಳಗಿನ ಬರಹವನ್ನು ಬಿಡಬೇಡಿ. ಹೆಸರಿನ ಮುಂದೆ ‘ಡೆಲ್’ ಅಂತಿದ್ದರೆ ಚಿತ್ರ ಬರೆದವನು, ‘ಸ್ಕಲ್ಪ್’ ಅಂತಿದ್ದರೆ ತಗಡು ಕೊರೆದವನು, ‘ಫೆಸಿಟ್’ ಅಂತಿದ್ದರೆ ಮಾಡಿದವನು. ನಮ್ಮ ದುರ್ಗಗಳ ಚಿತ್ರದಲ್ಲಿ ಎಡಕ್ಕೆ ಒಂದು ಹೆಸರು, ಬಲಕ್ಕೆ ಇನ್ನೊಂದು ಹೆಸರು ಕಂಡರೆ ಎರಡು ಕೈ ಕೆಲಸ ಮಾಡಿವೆ ಅಂತ ಅರ್ಥ. ಬೆಟ್ಟ ನೋಡಿದ ಕೈ ಒಂದು, ನೋಡದ ಕೈ ಇನ್ನೊಂದು. ಇಂಗ್ಲೆಂಡಿನಲ್ಲಿ 1735ರಲ್ಲಿ ಒಂದು ಕಾನೂನು ಬಂತು. ಚಿತ್ರದ ಹಕ್ಕು ಉಳಿಯಬೇಕಾದರೆ ಪ್ರಕಟಿಸಿದ ತಾರೀಖು, ಹೆಸರು ತಗಡಿನ ಮೇಲೇ ಇರಬೇಕು. ಆ ಕಾಲದ ಪ್ರಿಂಟ್‌ಗಳ ಅಡಿಯಲ್ಲಿ ದಿನ, ತಿಂಗಳು, ವರ್ಷ, ಅಂಗಡಿಯ ಬೀದಿಯ ಹೆಸರು ಕೂಡ ಸಿಗೋದು ಈ ಕಾರಣಕ್ಕೆ.

ಆದರೆ ತಗಡಿನ ತಾರೀಖೇ ಕಾಗದದ ತಾರೀಖು ಆಗಬೇಕಾಗಿಲ್ಲ. ಅದೇ ತಗಡಿನಿಂದ ಎಷ್ಟೋ ವರ್ಷದ ನಂತರವೂ ಪ್ರತಿ ತೆಗೆಯಬಹುದು. ಕಾಗದವನ್ನು ಬೆಳಕಿಗೆ ಹಿಡಿದು ನೀರುಗುರುತು ನೋಡಿ. 1794ರ ನಂತರದ ಅನೇಕ ಇಂಗ್ಲಿಷ್ ಕಾಗದಗಳಲ್ಲಿ ತಯಾರಕರ ಹೆಸರಿನ ಜೊತೆ ವರ್ಷವೂ ಇರುತ್ತದೆ. ಕೆಳಗೆ 1794 ಅಂತಿದ್ದು ನೀರುಗುರುತು 1820 ಅಂದರೆ ಅದು ತಡವಾಗಿ ತೆಗೆದ ಪ್ರತಿ. ಇನ್ನೊಂದು ಸೂಚನೆ: 18ನೇ ಶತಮಾನದ ಪ್ರಿಂಟ್ ಅಂತ ಹೇಳಿ, ಕೆಳಗೆ ಪೆನ್ಸಿಲ್ಲಿನಲ್ಲಿ 12/50 ಅಂತ ಸಂಖ್ಯೆ ಇದ್ದರೆ ಅನುಮಾನ ಪಡಿ. ಆ ರೂಢಿ ಬಹಳ ಈಚಿನದು.

ಕೈಗೆ ಹಳೆಯ ಪ್ರಿಂಟ್ ಸಿಗದವರು ಬೇಜಾರಾಗಬೇಕಿಲ್ಲ. ಆಮ್ಸ್‌ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ, ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾ ಕೇಂದ್ರ ತಮ್ಮ ಸಂಗ್ರಹದ ದೊಡ್ಡ ಚಿತ್ರಗಳನ್ನು ನೆಟ್‌ನಲ್ಲಿ ಉಚಿತವಾಗಿ ಕೊಟ್ಟಿವೆ. ಫೋನಿನಲ್ಲಿ ಹಿಗ್ಗಿಸಿ ಗೆರೆಯ ತುದಿ ನೋಡುತ್ತಾ ಕೂರಬಹುದು.

ಹಂತ 2: ಇವು ಎಷ್ಟು ದೂರ ಹೋದವು ಅಂತ ತಿಳಿಯಿರಿ

ಎಚಿಂಗ್ ಹುಟ್ಟಿದ್ದು ಕಾಗದಕ್ಕಾಗಿ ಅಲ್ಲ. ಯುರೋಪಿನಲ್ಲಿ ಕವಚ, ಕತ್ತಿಗಳ ಮೇಲೆ ಬಳ್ಳಿ ಬಿಡಿಸಲು ಆಸಿಡ್ ಬಳಸುತ್ತಿದ್ದರು. 1500ರ ಆಸುಪಾಸಿನಲ್ಲಿ ಜರ್ಮನಿಯ ಔಗ್ಸ್‌ಬರ್ಗಿನ ಡೇನಿಯಲ್ ಹಾಪ್ಫರ್ ಅದನ್ನೇ ಕಬ್ಬಿಣದ ತಗಡಿಗೆ ತಂದು ಶಾಯಿ ತುಂಬಿ ಅಚ್ಚು ತೆಗೆದ. ತಾಮ್ರಕ್ಕೆ ಬಂದ ಮೇಲೆ ಗೆರೆ ನಯವಾಯಿತು. ನಮ್ಮಲ್ಲಿ ತಾಮ್ರದ ಮೇಲೆ ಕೊರೆಯುವುದು ಅದಕ್ಕಿಂತ ಬಹಳ ಹಳೆಯದು. ಕೋಲಾರದಿಂದ ಆಳಿದ ಗಂಗರ ತಾಮ್ರಶಾಸನಗಳನ್ನು ನೆನೆಸಿಕೊಳ್ಳಿ. ಆದರೆ ಆ ತಗಡನ್ನು ಜೋಪಾನವಾಗಿ ಇಟ್ಟುಕೊಂಡರೇ ಹೊರತು ಅದರಿಂದ ಪ್ರತಿ ತೆಗೆಯಲಿಲ್ಲ.

ಪ್ರತಿ ತೆಗೆದರೆ ಏನಾಗುತ್ತದೆ ಅನ್ನೋದಕ್ಕೆ ಇಂಗ್ಲೆಂಡಿನ ಚಿತ್ರಕಾರರಾದ ಡೇನಿಯಲ್ ಕುಟುಂಬದ ಕತೆ ಸಾಕು. ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ 1786-88ರಲ್ಲಿ ಕಲ್ಕತ್ತೆಯಲ್ಲಿ ನಗರದ 12 ದೃಶ್ಯಗಳನ್ನು ತಾವೇ ತಗಡಿಗೆ ಇಳಿಸಿದರು. 1792ರಲ್ಲಿ ಮದರಾಸಿನಿಂದ ಹೊರಟು ಸೈನ್ಯ ನಡೆದ ದಾರಿ ಹಿಡಿದು ಮೈಸೂರು ಸೀಮೆಗೂ ಬಂದರು. ಊರಿಗೆ ಮರಳಿದ ಮೇಲೆ 1795ರಿಂದ 1808ರವರೆಗೆ 144 ಅಕ್ವಾಟಿಂಟ್‌ಗಳನ್ನು ಹೊರತಂದರು. ಆ ಚಿತ್ರಗಳನ್ನು ನೋಡಿಯೇ 1807ರಲ್ಲಿ ಫ್ರಾನ್ಸಿನ ಝೂಬರ್ ಕಂಪನಿ ಹಿಂದೂಸ್ತಾನದ ದೃಶ್ಯವಿರುವ ಗೋಡೆಕಾಗದ ಮಾಡಿತು. ಇಲ್ಲಿನ ಗುಡಿ, ಗೋಪುರಗಳು ಅಲ್ಲಿನವರ ಊಟದ ಕೋಣೆಯ ಗೋಡೆ ಸೇರಿದವು.

ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಎರಡೂ ಥರದ ಓಡಾಟ ಇತ್ತು. 1580ರಲ್ಲಿ ಜೆಸ್ಯೂಟ್ ಪಾದ್ರಿಗಳು ಚಿತ್ರಗಳಿದ್ದ ಬೈಬಲನ್ನು ಅಕ್ಬರನಿಗೆ ಕೊಟ್ಟರು. ಮೊಘಲ್ ಚಿತ್ರಕಾರರು ಯುರೋಪಿನ ಅಚ್ಚುಗಳನ್ನು ನೋಡಿ ಬರೆದರು. ಮುಂದಿನ ಶತಮಾನದಲ್ಲಿ ಆಮ್ಸ್‌ಟರ್‌ಡ್ಯಾಮಿನಲ್ಲಿ ಕೂತ ಡಚ್ ಚಿತ್ರಕಾರ ರೆಂಬ್ರಾಂಟ್ ಮೊಘಲ್ ಕಿರುಚಿತ್ರಗಳನ್ನು ನೋಡಿ ಬರೆದ. 1656ರಲ್ಲಿ ಅವನು ಬೈಬಲಿನ ಅಬ್ರಹಾಮ ದೇವದೂತರಿಗೆ ಉಣಬಡಿಸುವ ಒಂದು ಸಣ್ಣ ಎಚಿಂಗ್ ಮಾಡಿದ. ಅದರಲ್ಲಿ ಅತಿಥಿಗಳು ನೆಲದ ಮೇಲೆ ಕೂತಿದ್ದಾರೆ. ಅವನು ನಕಲು ಮಾಡಿಕೊಂಡಿದ್ದ ಒಂದು ಮೊಘಲ್ ಚಿತ್ರದಲ್ಲಿ ಮರದ ಕೆಳಗೆ ಹಿರಿಯರು ಕೂತಿದ್ದ ರೀತಿಯೇ ಅಲ್ಲಿಗೆ ಬಂದಿದೆ. ನನಗೆ ಎಲ್ಲ ಎಚಿಂಗ್‌ಗಳಲ್ಲಿ ಅತಿ ಇಷ್ಟವಾದದ್ದು ಇದೇ. ರೈಕ್ಸ್ ಮ್ಯೂಸಿಯಂ ತಾಣದಲ್ಲಿ ಮೊದಲು ಇದನ್ನು ತೆಗೆದು ನೋಡಿ.

ಹಂತ 3: ಸಾಮಾನು ಹೊಂದಿಸಿಕೊಳ್ಳಿ

ತಾಮ್ರದ ತಗಡು, ಸುಮಾರು 1 ಮಿ.ಮೀ ದಪ್ಪ, 10 ಸೆಂ.ಮೀ × 15 ಸೆಂ.ಮೀ ಅಳತೆ. ಮೊದಲ ಸಲಕ್ಕೆ ಇದಕ್ಕಿಂತ ದೊಡ್ಡದು ಬೇಡ. ಪಕ್ಕಕ್ಕೆ ಎರಡು ಬೆರಳಗಲದ ತುಂಡೊಂದು ಕೇಳಿ ತನ್ನಿ, ಪರೀಕ್ಷೆಗೆ ಬೇಕು.

ಆಸಿಡ್ ಜಾಗಕ್ಕೆ ಫೆರಿಕ್ ಕ್ಲೋರೈಡ್. ಎಲೆಕ್ಟ್ರಾನಿಕ್ಸ್ ಕಲಿಯುವ ಹುಡುಗರು ಸರ್ಕ್ಯೂಟ್ ಬೋರ್ಡ್ ಮಾಡಲು ಬಳಸುವ ಅದೇ ವಸ್ತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಹಳೆಯ ಕಾಲದವರು ನೈಟ್ರಿಕ್ ಆಸಿಡ್ ಬಳಸುತ್ತಿದ್ದರು. ಅದು ತಾಮ್ರಕ್ಕೆ ತಾಗಿದಾಗ ಕಂದು ಬಣ್ಣದ ವಿಷದ ಹೊಗೆ ಏಳುತ್ತದೆ, ಶ್ವಾಸಕೋಶ ಸುಡುತ್ತದೆ. ಮನೆಯಲ್ಲಿ ನೈಟ್ರಿಕ್ ಬೇಡವೇ ಬೇಡ.

ಗ್ರೌಂಡ್, ಅಂದರೆ ತಗಡಿಗೆ ಬಳಿಯುವ ಆಸಿಡ್ ತಡೆಯುವ ಲೇಪ. ಹಳೆಯ ಹದ ಹೀಗೆ: ಜೇನುಮೇಣ 2 ಪಾಲು, ಆಸ್ಫಾಲ್ಟಮ್ ಪುಡಿ 2 ಪಾಲು, ರಾಳ 1 ಪಾಲು. ರಸ್ತೆಗೆ ಹಾಕುವ ಡಾಂಬರು ಇದಕ್ಕೆ ಆಗುವುದಿಲ್ಲ. ಇಷ್ಟೆಲ್ಲ ಕಾಯಿಸಿ ಕೂಡಿಸಲು ಆಗದವರು ಪ್ರಿಂಟ್‌ಮೇಕಿಂಗ್ ಸಾಮಾನು ಮಾರುವವರಿಂದ ಸಿದ್ಧ ಗ್ರೌಂಡ್ ತರಿಸಬಹುದು. ಹಾರ್ಡ್‌ವೇರ್ ಅಂಗಡಿಯ ಬ್ಲ್ಯಾಕ್ ಜಪಾನ್ ಬಣ್ಣವೂ ಒಂದು ಡಬ್ಬಿ ಇರಲಿ, ಮುಂದೆ ಬೇಕಾಗುತ್ತದೆ.

ಇನ್ನುಳಿದದ್ದು: ಪ್ಲಾಸ್ಟಿಕ್ ಟ್ರೇ ಎರಡು, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಅರ, ಮರಳುಕಾಗದ, ಟರ್ಪೆಂಟೈನ್, ಮರದ ಹಿಡಿಗೆ ಸಿಕ್ಕಿಸಿದ ದಪ್ಪ ಸೂಜಿ. ಸ್ಟೀಲ್ ಪಾತ್ರೆ ಹತ್ತಿರವೂ ಬರಬಾರದು, ಫೆರಿಕ್ ಅದನ್ನೂ ತಿನ್ನುತ್ತದೆ. ಒಮ್ಮೆ ಇಲ್ಲಿಗೆ ಬಳಸಿದ ಯಾವ ಪಾತ್ರೆಯೂ ಮತ್ತೆ ಅಡುಗೆಮನೆಗೆ ಹೋಗಬಾರದು.

ಶಾಲೆಯ ಮಕ್ಕಳ ಜೊತೆ ಮಾಡುವ ಮೇಷ್ಟ್ರುಗಳಿಗೆ ಒಂದು ಸುಲಭದ ದಾರಿ ಇದೆ. ತಾಮ್ರದ ಬದಲು ಸತುವಿನ ತಗಡು, ಫೆರಿಕ್ ಬದಲು ಮೈಲುತುತ್ತ. ದ್ರಾಕ್ಷಿ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ನಮ್ಮ ಕಡೆ ಗೊಬ್ಬರದ ಅಂಗಡಿಯಲ್ಲೇ ಮೈಲುತುತ್ತ ಸಿಗುತ್ತದೆ. 1 ಲೀಟರ್ ನೀರಿಗೆ ಸುಮಾರು 75 ಗ್ರಾಂ ಮೈಲುತುತ್ತ, ಅಷ್ಟೇ ಅಡುಗೆ ಉಪ್ಪು. ಸತು ಕರಗುತ್ತಾ ಹೋದ ಹಾಗೆ ಕೆಂಪು ತಾಮ್ರದ ಪುಡಿ ಮೇಲೇಳುತ್ತದೆ, ಮಕ್ಕಳಿಗೆ ರಸಾಯನಶಾಸ್ತ್ರದ ಪಾಠವೂ ಆಗುತ್ತದೆ. ಇಲ್ಲೂ ಕೈಗವಸು ಬೇಕು, ಕಿಟಕಿ ತೆರೆದಿರಬೇಕು. ಗೆರೆ ತಾಮ್ರದಷ್ಟು ನಯವಾಗಿ ಬರುವುದಿಲ್ಲ. ಸತು, ಅಲ್ಯೂಮಿನಿಯಂ ಯಾವುದನ್ನೂ ಗಟ್ಟಿ ಫೆರಿಕ್‌ಗೆ ಹಾಕಬೇಡಿ. ಜೋರಾಗಿ ಕಾದು ಉಕ್ಕುತ್ತದೆ.

ಹಂತ 4: ತಗಡು ಸಿದ್ಧ ಮಾಡಿ, ಲೇಪ ಹಚ್ಚಿ

ನಾಲ್ಕೂ ಅಂಚನ್ನು ಅರದಿಂದ ಸುಮಾರು 45 ಡಿಗ್ರಿ ಇಳಿಜಾರಾಗಿ ಉಜ್ಜಿ, ಮೂಲೆ ಸ್ವಲ್ಪ ದುಂಡಗಿರಲಿ. ಹಾಗೆ ಮಾಡದಿದ್ದರೆ ಒತ್ತುವಾಗ ಅಂಚು ಕಾಗದವನ್ನು ಕತ್ತರಿಸಿಬಿಡುತ್ತದೆ. ಆಮೇಲೆ 400, 600, 1000, 1200 ನಂಬರಿನ ಮರಳುಕಾಗದವನ್ನು ನೀರಿನ ಜೊತೆ ಉಜ್ಜುತ್ತಾ ಬನ್ನಿ. ಕೊನೆಗೆ ಬ್ರಾಸೋ. ತಗಡಿನಲ್ಲಿ ಉಳಿದ ಪ್ರತಿ ಗೀರೂ ಚಿತ್ರದಲ್ಲಿ ಕಾಣುತ್ತದೆ. ಈ ಕೆಲಸಕ್ಕೆ ಒಂದು ಸಂಜೆ ಪೂರ್ತಿ ಕೊಡಿ.

ಜಿಡ್ಡು ತೆಗೆಯಲು ಸೀಮೆಸುಣ್ಣದ ಪುಡಿಗೆ ಪಾತ್ರೆ ತೊಳೆಯುವ ಸೋಪು ಕಲಸಿ ಉಜ್ಜಿ ತೊಳೆಯಿರಿ. ನೀರು ಹನಿಹನಿಯಾಗಿ ನಿಲ್ಲದೆ ಒಂದೇ ಪದರವಾಗಿ ಹರಿದರೆ ಜಿಡ್ಡು ಹೋಗಿದೆ. ಇನ್ನು ಮುಂದೆ ಅಂಚು ಹಿಡಿದೇ ಎತ್ತಬೇಕು.

ತಗಡನ್ನು ಸಣ್ಣಗೆ ಬಿಸಿ ಮಾಡಿ, ಗ್ರೌಂಡ್ ಉಂಡೆಯನ್ನು ತಾಗಿಸಿ ಕರಗಿಸಿ, ರೋಲರ್‌ನಿಂದ ತೆಳ್ಳಗೆ ಹರಡಿ. ಹೊಗೆ ಬಂದರೆ ಬಿಸಿ ಹೆಚ್ಚಾಯಿತು ಅಂತ. ದ್ರವರೂಪದ ಗ್ರೌಂಡ್ ಆದರೆ ಬ್ರಷ್‌ನಲ್ಲಿ ಬಳಿದು ಒಂದು ರಾತ್ರಿ ಒಣಗಲು ಬಿಡಿ. ಟರ್ಪೆಂಟೈನ್ ಇರುವ ಕಡೆ ಬೆಂಕಿ ಬೇಡ. ಹಿಂಬದಿಗೂ ಅಂಚಿಗೂ ಬ್ಲ್ಯಾಕ್ ಜಪಾನ್ ಬಳಿಯಿರಿ.

ಉಂಡೆ ಗ್ರೌಂಡ್ ಹಾಕಿದವರಿಗೆ ಒಂದು ಚಂದದ ಹಂತ ಇದೆ. ತಗಡನ್ನು ಇಕ್ಕಳದಲ್ಲಿ ಹಿಡಿದು, ಲೇಪದ ಮುಖ ಕೆಳಗೆ ಮಾಡಿ, ಒಟ್ಟಿಗೆ ಕಟ್ಟಿದ ಮೂರ್ನಾಲ್ಕು ಮೇಣದಬತ್ತಿಯ ಹೊಗೆಗೆ ಹಿಡಿಯಿರಿ. ಮನೆಯಲ್ಲಿ ಕಾಡಿಗೆ ಕಟ್ಟುವಂತೆ ಮಸಿ ಬಂದು ಕೂರುತ್ತದೆ. ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಬೇಕು, ಇಲ್ಲವಾದರೆ ಲೇಪ ಸುಟ್ಟು ಸೀಳುತ್ತದೆ. ತಣ್ಣಗಾದ ಮೇಲೆ ಕಪ್ಪು ಹೊಳೆಯುವ ಮುಖ ಸಿಗುತ್ತದೆ. ಅದರ ಮೇಲೆ ಸೂಜಿ ಆಡಿಸಿದರೆ ತಾಮ್ರದ ಗೆರೆ ಫಳಫಳ ಅಂತ ಎದ್ದು ಕಾಣುತ್ತದೆ.

ಹಂತ 5: ಏನು ಬರೆಯಬೇಕು, ಹೇಗೆ ಬರೆಯಬೇಕು

ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ, ಶೃಂಗಿ ತೀರ್ಥಕ್ಕೆ ಹೋಗಿ ಕೂರಿ. ಮೊದಲ ತಗಡಿಗೆ ಇದಕ್ಕಿಂತ ಒಳ್ಳೆಯ ಗುರು ನನಗೆ ಗೊತ್ತಿಲ್ಲ. ನಾಲ್ಕೂ ಕಡೆಯಿಂದ ಇಳಿಯುವ ಮೆಟ್ಟಿಲು ಅಂದರೆ ಬರೀ ಸಮಾನಾಂತರ ಗೆರೆಗಳು. ಬಿಸಿಲು ಬಿದ್ದ ಮುಖ ಖಾಲಿ ಬಿಡಿ, ನೆರಳಿನ ಮುಖಕ್ಕೆ ಗೆರೆ ಹಾಕಿ. ಎಚಿಂಗ್‌ನ ಅರ್ಧ ವ್ಯಾಕರಣ ಅಲ್ಲೇ ಬಂದುಬಿಡುತ್ತದೆ. ಎರಡನೇ ತಗಡಿಗೆ ಬೆಟ್ಟ ಇಟ್ಟುಕೊಳ್ಳಿ. ಹೊಲದ ಬದುವಿನಿಂದ ನೋಡಿದರೆ ಮುಂದೆ ಮರ, ನಡುವೆ ನಂದಿ ಬೆಟ್ಟದ ಬಂಡೆ, ಹಿಂದೆ ಮಸುಕಾಗಿ ಸ್ಕಂದಗಿರಿ ಸಿಗುವಂಥ ಜಾಗ ಹುಡುಕಿ. ಮೂರು ದೂರ ಇರುವ ನೋಟ ಮುಂದಿನ ಹಂತಕ್ಕೆ ಬೇಕು.

ತಗಡಿನಲ್ಲಿ ಬರೆದದ್ದು ಕಾಗದದಲ್ಲಿ ಎಡಬಲ ತಿರುಗುತ್ತದೆ. ಚಿತ್ರವನ್ನು ಟ್ರೇಸಿಂಗ್ ಹಾಳೆಗೆ ತೆಗೆದು, ಮಗುಚಿ, ಲೇಪದ ಮೇಲೆ ಮೆಲ್ಲಗೆ ಒತ್ತಿ ಗುರುತು ಹಾಕಿಕೊಳ್ಳಿ. ಊರಿನ ಹೆಸರು ಬರೆಯುವುದಾದರೆ ಅಕ್ಷರಗಳನ್ನೂ ತಿರುಗಿಸಿಯೇ ಬರೆಯಬೇಕು. ಕನ್ನಡಿ ಮುಂದಿಟ್ಟುಕೊಂಡು ಬರೆದರೆ ಸುಲಭ.

ಸೂಜಿಯಿಂದ ತಾಮ್ರ ಕೊರೆಯಬೇಡಿ. ಲೇಪ ಸರಿದು ತಾಮ್ರ ಕಂಡರೆ ಸಾಕು. ಕೊರೆಯುವ ಕೆಲಸ ಫೆರಿಕ್ ಮಾಡುತ್ತದೆ. ಎಲ್ಲ ಗೆರೆಯೂ ಒಂದೇ ಒತ್ತಡದಲ್ಲಿ ಬರಲಿ. ಕೈ ಹಗುರವಾಗಿ, ಕಾಗದದ ಮೇಲೆ ಪೆನ್ನು ಓಡಿಸುವಷ್ಟೇ ಸಲೀಸಾಗಿ ಹೋಗಬೇಕು. ರೆಂಬ್ರಾಂಟ್‌ನ ಗೆರೆಗೆ ಆ ಓಟ ಬಂದದ್ದು ಈ ಮೆತ್ತನೆಯ ಲೇಪದಿಂದಲೇ. ಉಳಿ ಹಿಡಿದು ಲೋಹ ತಳ್ಳುವವನಿಗೆ ಆ ಓಟ ಸಿಗುವುದಿಲ್ಲ.

ಹಂತ 6: ಕೊರೆಸುವುದು

ಇಡೀ ಕೆಲಸದ ಜೀವ ಇರೋದು ಇಲ್ಲಿ. ಅವಸರ ಮಾಡಬೇಡಿ.

ಗಟ್ಟಿ ಫೆರಿಕ್ ತಂದಿದ್ದರೆ ನೀರಿಗೆ ಅದನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಅದರ ಮೇಲೆ ನೀರು ಸುರಿಯಬಾರದು. ಕರಗುವಾಗ ಚೆನ್ನಾಗಿ ಬಿಸಿಯಾಗುತ್ತದೆ. ಸಿದ್ಧ ದ್ರಾವಣ ಆದರೆ 40ರಿಂದ 42 ಬೋಮೆ (ದ್ರಾವಣ ಎಷ್ಟು ಗಟ್ಟಿ ಅನ್ನುವ ಅಳತೆ) ಸಾಂದ್ರತೆಯದು ಕೇಳಿ. ಅಂಗಳದಲ್ಲಿ, ಗಾಳಿಯಾಡುವ ಕಡೆ, ಮಕ್ಕಳು ಬಾರದ ಜಾಗದಲ್ಲಿ ಟ್ರೇ ಇಡಿ. ಬಟ್ಟೆಗೆ ಬಿದ್ದರೆ ತುಕ್ಕಿನ ಕಲೆ ಹೋಗುವುದೇ ಇಲ್ಲ.

ಫೆರಿಕ್ ತಾಮ್ರವನ್ನು ಕರಗಿಸುತ್ತಾ ಹೋದ ಹಾಗೆ ಕಂದು ಗಸಿ ಗೆರೆಯೊಳಗೇ ಕೂತು ಮುಂದಿನ ಕೊರೆತ ತಡೆಯುತ್ತದೆ. ಅದಕ್ಕೆ ತಗಡನ್ನು ಮುಖ ಕೆಳಗೆ ಮಾಡಿ, ನಾಲ್ಕು ಮೂಲೆಗೆ ಮೇಣದ ಉಂಡೆ ಅಂಟಿಸಿ ಟ್ರೇ ತಳಕ್ಕೆ ತಾಗದಂತೆ ಇಡಿ. ಗಸಿ ಕೆಳಗೆ ಉದುರುತ್ತದೆ. ಸ್ವಲ್ಪ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ನೀರಿನಲ್ಲಿ ಕರಗಿಸಿ ಸೇರಿಸಿದರೆ ಗಸಿ ಕರಗಿ ಕೊರೆತ ಚುರುಕಾಗುತ್ತದೆ.

ಮೊದಲು ಪರೀಕ್ಷೆಯ ತುಂಡು. ಅದರ ಮೇಲೆ ಐದು ಗುಂಪು ಗೆರೆ ಎಳೆದು, 5, 10, 20, 40, 80 ನಿಮಿಷಕ್ಕೆ ಒಂದೊಂದು ಗುಂಪನ್ನು ಮುಚ್ಚುತ್ತಾ ಹೋಗಿ. ಅಚ್ಚು ತೆಗೆದಾಗ ನಿಮ್ಮ ದ್ರಾವಣದ ಅಳತೆಪಟ್ಟಿ ಸಿಗುತ್ತದೆ. ಜನವರಿಯ ಚಳಿ ಬೆಳಿಗ್ಗೆ ಫೆರಿಕ್ ನಿಧಾನ, ಏಪ್ರಿಲ್ ಮಧ್ಯಾಹ್ನ ಬಲು ಚುರುಕು. ಬೇರೆಯವರ ನಿಮಿಷಗಳನ್ನು ನಂಬಬೇಡಿ, ನನ್ನವನ್ನೂ ಸೇರಿಸಿ.

ಈಗ ಬೆಟ್ಟದ ತಗಡು. ಸುಮಾರು 10 ನಿಮಿಷಕ್ಕೆ ಹೊರಗೆ ತೆಗೆದು ತೊಳೆದು ಒಣಗಿಸಿ. ಸ್ಕಂದಗಿರಿಯ ಗೆರೆಗಳ ಮೇಲೆ ಸಣ್ಣ ಬ್ರಷ್‌ನಲ್ಲಿ ಬ್ಲ್ಯಾಕ್ ಜಪಾನ್ ಬಳಿಯಿರಿ. ಅವು ಅಲ್ಲಿಗೆ ನಿಂತವು. ಒಣಗಿದ ಮೇಲೆ ಮತ್ತೆ ಇಳಿಸಿ. ಒಟ್ಟು 25-30 ನಿಮಿಷ ಆದಾಗ ನಂದಿಯ ಬಂಡೆಯನ್ನು ಮುಚ್ಚಿ. ಮುಂದಿನ ಮರ, ಹೊಲದ ಬದು ಒಂದು ಗಂಟೆ ತನಕ ಕೊರೆಯಲಿ. ಒಂದೇ ಸೂಜಿ, ಒಂದೇ ಒತ್ತಡ, ಆದರೆ ಮೂರು ಕಪ್ಪು. ಗಾಳಿ, ದೂರ, ಮಂಜು ಎಲ್ಲ ಬರುವುದು ಈ ಕಾಯುವಿಕೆಯಿಂದ. 17ನೇ ಶತಮಾನದಲ್ಲಿ ಫ್ರಾನ್ಸಿನ ಜಾಕ್ ಕಾಲೋ ಇದರಲ್ಲಿ ಪಳಗಿದ ಕೈ. ಅವನ ರೀತಿಯನ್ನು 1645ರಲ್ಲಿ ಅಬ್ರಹಾಂ ಬಾಸ್ ಕೈಪಿಡಿಯಾಗಿ ಬರೆದಿಟ್ಟ ಮೇಲೆ ಇದು ಎಲ್ಲ ಕಡೆ ಹರಡಿತು. ಲಂಡನ್ನಿನ ಕೆಲಸಗಾರರು ಮಾಡಿದ್ದೂ ಇದನ್ನೇ. ಹಳೆಯ ದುರ್ಗದ ಚಿತ್ರದಲ್ಲಿ ಮುಂದಿನ ಮರ ಅಷ್ಟು ಕಪ್ಪಗಿರಲು ಒಂದು ಕಾರಣ ಇದು. ಮರ ಅಲ್ಲಿ ಇತ್ತೋ ಇಲ್ಲವೋ, ಬೆಟ್ಟ ದೂರ ಕಾಣಲು ಮುಂದೆ ಏನಾದರೂ ಕಪ್ಪಗೆ ಬೇಕಿತ್ತು.

ಆಕಾಶಕ್ಕೆ ಅಕ್ವಾಟಿಂಟ್ ಬೇಕೆನ್ನುವವರು ತೊಳೆದ ತಗಡಿನ ಮೇಲೆ ರಾಳದ ನುಣ್ಣನೆ ಪುಡಿಯನ್ನು ಬಟ್ಟೆಯ ಗಂಟಿನಿಂದ ಉದುರಿಸಿ, ಕೆಳಗಿನಿಂದ ಬಿಸಿ ಮಾಡಿ ಅಂಟಿಸುತ್ತಾರೆ. ಆ ಕಣಗಳ ಸುತ್ತ ಫೆರಿಕ್ ಕೊರೆಯುತ್ತದೆ. ಆದರೆ ರಾಳದ ದೂಳು ಉಸಿರಿಗೆ ಕೆಟ್ಟದ್ದು, ಗಾಳಿಯಲ್ಲಿ ತೇಲುವಾಗ ಕಿಡಿ ತಾಗಿದರೆ ಭಗ್ ಅಂತ ಹತ್ತಿಕೊಳ್ಳುತ್ತದೆ. ಇದನ್ನು ಸ್ಟುಡಿಯೋದಲ್ಲಿ ಕಲಿತೇ ಮಾಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಗ್ರಾಫಿಕ್ಸ್ ವಿಭಾಗ ಇದೆ, ಚೆನ್ನೈನ ಲಲಿತಕಲಾ ಅಕಾಡೆಮಿ ಕೇಂದ್ರದಲ್ಲೂ ಪ್ರಿಂಟ್‌ಮೇಕಿಂಗ್ ಸ್ಟುಡಿಯೋ ಇದೆ.

ಬಳಸಿದ ಫೆರಿಕ್ ಬಗ್ಗೆ ನಾನು ಕಟ್ಟುನಿಟ್ಟು. ಅದರಲ್ಲಿ ಕರಗಿದ ತಾಮ್ರ ಇರುತ್ತದೆ. ಮೀನಿಗೆ, ಮಣ್ಣಿನ ಜೀವಕ್ಕೆ ಅದು ವಿಷ. ಅರ್ಕಾವತಿ, ಪಾಲಾರ್, ಪಿನಾಕಿನಿಗಳು ಹುಟ್ಟುವ ಬೆಟ್ಟಸಾಲು ನಮ್ಮದು. ಬೋರ್‌ವೆಲ್ ನೀರೇ ಗತಿಯಾದ ಜಿಲ್ಲೆ ಇದು. ಚರಂಡಿಗೆ, ಕೆರೆಗೆ, ಹಿತ್ತಲಿಗೆ ಒಂದು ಲೋಟವೂ ಹೋಗಕೂಡದು. ಒಂದೇ ದ್ರಾವಣವನ್ನು ಬಹಳ ಸಲ ಬಳಸಬಹುದು. ಪೂರ್ತಿ ಸೋತ ಮೇಲೆ ವಾಷಿಂಗ್ ಸೋಡಾವನ್ನು ಸ್ವಲ್ಪ ಸ್ವಲ್ಪ ಹಾಕಿ ನೊರೆ ನಿಲ್ಲುವ ತನಕ ಕಲಕಿ. ಗಸಿ ತಳಕ್ಕೆ ಇಳಿದ ಮೇಲೆ ಬಟ್ಟೆಯಲ್ಲಿ ಸೋಸಿ, ಒಣಗಿದ ಗಸಿಯನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ರಾಸಾಯನಿಕ ಕಸ ತಗೊಳ್ಳುವವರಿಗೆ ಕೊಡಿ. ಸೋಸಿದ ನೀರಿನಲ್ಲಿ ನೀಲಿ ಛಾಯೆ ಇದ್ದರೆ ತಾಮ್ರ ಇನ್ನೂ ಇದೆ. ಅದನ್ನೂ ಅದೇ ಡಬ್ಬಿಗೆ ಸೇರಿಸಿ.

ಹಂತ 7: ಅಚ್ಚು ತೆಗೆಯುವುದು

ಟರ್ಪೆಂಟೈನಿನಿಂದ ಲೇಪ ತೆಗೆಯಿರಿ. ಕಾಗದ ಹತ್ತಿಯದಾಗಿರಬೇಕು, 250-300 ಜಿಎಸ್‌ಎಂ. ಖಾದಿಯ ಕೈಕಾಗದ ಚೆನ್ನಾಗಿ ಕೆಲಸ ಮಾಡುತ್ತದೆ. ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಎರಡು ಟವೆಲ್ ನಡುವೆ ಒತ್ತಿ. ಮೇಲ್ಮೈಯಲ್ಲಿ ನೀರಿನ ಹೊಳಪು ಇರಬಾರದು, ಒಳಗೆ ತೇವ ಇರಬೇಕು.

ಎಚಿಂಗ್ ಶಾಯಿ ಸಿಗದಿದ್ದರೆ ಮದುವೆ ಕಾರ್ಡ್ ಅಚ್ಚು ಹಾಕುವ ಆಫ್‌ಸೆಟ್ ಪ್ರೆಸ್‌ನಿಂದ ಕಪ್ಪು ಶಾಯಿ ತಂದು ಸೀಮೆಸುಣ್ಣದ ಪುಡಿ ಸ್ವಲ್ಪ ಕಲಸಿ ಗಟ್ಟಿ ಮಾಡಿ. ತಗಡನ್ನು ಹತ್ತು ನಿಮಿಷ ಬಿಸಿಲಿಗಿಟ್ಟರೆ ಶಾಯಿ ಗೆರೆಯೊಳಗೆ ಸಲೀಸಾಗಿ ಇಳಿಯುತ್ತದೆ. ಹಳೆಯ ರಟ್ಟಿನ ತುಂಡಿನಿಂದ ಎಲ್ಲ ದಿಕ್ಕಿನಲ್ಲೂ ಒತ್ತಿ ತುಂಬಿ. ಆಮೇಲೆ ಗಂಜಿ ಹಾಕಿದ ಮಲ್ ಬಟ್ಟೆಯ ಉಂಡೆಯಿಂದ ದುಂಡಗೆ ಒರೆಸಿ. ಉಜ್ಜಿದರೆ ಗೆರೆಯ ಶಾಯಿಯೂ ಬರುತ್ತದೆ, ಬರೀ ಮೇಲೆ ಸವರಬೇಕು. ಕೊನೆಗೆ ಸೀಮೆಸುಣ್ಣದ ಪುಡಿ ಹಚ್ಚಿದ ಅಂಗೈಯಿಂದ ಒಂದು ಸಲ. ಮೇಲ್ಮೈಯಲ್ಲಿ ಬೇಕೆಂದೇ ಒಂದು ತೆಳು ಪದರ ಉಳಿಸಿದರೆ ಚಿತ್ರಕ್ಕೆ ಸಂಜೆಯ ಛಾಯೆ ಬರುತ್ತದೆ. ರೆಂಬ್ರಾಂಟ್ ಒಂದೇ ತಗಡನ್ನು ಬೇರೆ ಬೇರೆ ಥರ ಒರೆಸಿ ಬೇರೆ ಬೇರೆ ಹೊತ್ತನ್ನೇ ತರುತ್ತಿದ್ದ.

ಪ್ರೆಸ್ ಸಮಸ್ಯೆ ನಿಜವಾದದ್ದು. ಚಮಚದಿಂದ ಉಜ್ಜಿದರೆ ಗೆರೆ ಪೂರ್ತಿ ಏಳುವುದಿಲ್ಲ. 0.5 ಮಿ.ಮೀ ತಗಡು, ಅಂಗೈ ಅಗಲ ಸಾಕು ಅನ್ನುವವರಿಗೆ ಕೈಯಿಂದ ತಿರುಗಿಸುವ ಪಾಸ್ತಾ ಮಷೀನ್ ನಡೆಯುತ್ತದೆ. ಅದಕ್ಕಿಂತ ದೊಡ್ಡದಕ್ಕೆ ಲೇತ್ ವರ್ಕ್‌ಶಾಪಿನಲ್ಲಿ ಎರಡು ಉಕ್ಕಿನ ರೋಲರ್, ನಡುವೆ ಓಡುವ ಒಂದು ಹಲಗೆ ಮಾಡಿಸಿ. ನಾಲ್ಕೈದು ಜನ ಸೇರಿ ಒಂದು ಮಾಡಿಸಿಕೊಂಡರೆ ಖರ್ಚು ಹಗುರ. ಕಾಗದದ ಮೇಲೆ ಹಾಸಲು ಉಣ್ಣೆಯ ಫೆಲ್ಟ್ ಬೇಕು. ನಮ್ಮ ಕಂಬಳಿ ಹಾಕಿದರೆ ಅದರ ನೇಯ್ಗೆಯೇ ಕಾಗದದಲ್ಲಿ ಮೂಡುತ್ತದೆ.

ಮೊದಲ ಪ್ರತಿ ನೋಡಿ ತಗಡು ತಿದ್ದಿ. ಗೆರೆ ಸಾಲದಿದ್ದರೆ ಮತ್ತೆ ಲೇಪ ಹಾಕಿ ಕೊರೆಸಿ, ಹೆಚ್ಚಾದರೆ ನಯವಾದ ಉಕ್ಕಿನ ಕಡ್ಡಿಯಿಂದ ಒತ್ತಿ ತಗ್ಗಿಸಿ. ಬಣ್ಣ ಬೇಕೆನ್ನುವವರು ಕೃಷ್ಣಾ ರೆಡ್ಡಿಯವರ ಕೆಲಸ ಹುಡುಕಿ ನೋಡಿ. ಕೋಲಾರದ ಗಡಿಯಾಚೆಯ ಚಿತ್ತೂರು ಜಿಲ್ಲೆಯಲ್ಲಿ 1925ರಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಓದಿ, ಪ್ಯಾರಿಸ್ಸಿನಲ್ಲಿ ಹೇಟರ್ ಅವರ ಸ್ಟುಡಿಯೋದಲ್ಲಿ ಬೆಳೆದವರು. ಎಣ್ಣೆ ಹೆಚ್ಚಿದ ಶಾಯಿ, ಎಣ್ಣೆ ಕಡಿಮೆ ಇರುವ ಶಾಯಿ ಒಂದನ್ನೊಂದು ದೂರ ಇಡುತ್ತವೆ. ಅದನ್ನೇ ಬಳಸಿ, ಮೆತ್ತನೆ ಮತ್ತು ಗಟ್ಟಿ ರೋಲರ್‌ಗಳಿಂದ ಒಂದೇ ತಗಡಿನಲ್ಲಿ, ಒಂದೇ ಒತ್ತಿಗೆ ಹಲವು ಬಣ್ಣ ಬರುವ ವಿಧಾನವನ್ನು ಬೆಳೆಸಿದರು. ಜಗತ್ತಿನ ಎಷ್ಟೋ ಸ್ಟುಡಿಯೋಗಳಲ್ಲಿ ಈಗ ಅದು ಪಾಠ.

ಹಂತ 8: ಬೆಟ್ಟದ ಮುಂದೆ ಮತ್ತೆ ನೋಡಿ

ನಿಮ್ಮ ಪ್ರತಿ, ನೆಟ್‌ನಿಂದ ಇಳಿಸಿಕೊಂಡ ಒಂದು ಹಳೆಯ ನಂದಿದುರ್ಗದ ಪ್ರಿಂಟ್, ಎರಡನ್ನೂ ಹಿಡಿದು ಬೆಟ್ಟ ಕಾಣುವ ಜಾಗಕ್ಕೆ ಹೋಗಿ. ಮಳೆಗಾಲ ಕಳೆದ ಮೇಲೆ, ಬೆಳಿಗ್ಗೆ ಎಂಟರ ಹೊತ್ತಿಗೆ ಗಾಳಿ ತಿಳಿಯಾಗಿರುತ್ತದೆ. ಹಳೆಯ ಚಿತ್ರದ ಶಿಖರಗಳ ಸಾಲು ಹೊಂದುವ ತನಕ ಸುತ್ತಾಡಿ. ನಿಂತ ಜಾಗ ಸಿಕ್ಕಿದ ಮೇಲೆ ಒಂದೊಂದಾಗಿ ಕೇಳಿಕೊಳ್ಳಿ. ಬಂಡೆಯ ಇಳಿಜಾರು ನಿಜಕ್ಕೂ ಅಷ್ಟು ಕಡಿದೋ, ಗೆಲುವು ದೊಡ್ಡದಾಗಿ ಕಾಣಲಿ ಅಂತ ಎತ್ತರಿಸಿದ್ದೋ? ಕೋಟೆಯ ಗೋಡೆ ಬಾಗುವುದು ಎಲ್ಲಿ? ಮುಂದಿನ ಜನ ಯಾರು? ಸೈನಿಕರೋ, ದನ ಕಾಯುವವರೋ, ಬೆಟ್ಟದ ಅಳತೆ ತೋರಿಸಲು ಕೊರೆದವನು ನಿಲ್ಲಿಸಿದವರೋ? ಹೊಲ, ಕೆರೆ, ಊರು ಯಾಕೆ ಕಾಣುವುದಿಲ್ಲ? ಸಿಕ್ಕ ಉತ್ತರವನ್ನು ಆ ಪ್ರತಿಯ ಹಿಂಬದಿಯಲ್ಲೇ ಬರೆಯಿರಿ. ನಿಂತ ಜಾಗ, ದಿಕ್ಕು, ತಾರೀಖು ಸಮೇತ.

ನಿಮ್ಮ ಪ್ರತಿಯ ಕೆಳಗೂ ಪೆನ್ಸಿಲ್ಲಿನಲ್ಲಿ ಊರಿನ ಹೆಸರು, ವರ್ಷ, ಎಷ್ಟರಲ್ಲಿ ಎಷ್ಟನೆಯ ಪ್ರತಿ ಅಂತ ಬರೆಯಿರಿ. ಶಾಯಿ ಒಣಗಲು ಒಂದು ವಾರ ಬಿಡಿ. ನೇರ ಬಿಸಿಲು ಬೀಳದ ಕಡೆ, ಆಮ್ಲರಹಿತ ಹಾಳೆಗಳ ನಡುವೆ ಇಡಿ. ಪತ್ರಿಕೆ ಕಾಗದದಲ್ಲಿ ಸುತ್ತಿಟ್ಟರೆ ಹಳದಿ ಕಲೆ ಬೀಳುತ್ತದೆ. ಒಂದು ಪ್ರತಿ ನಂದಿಯ ಶಾಲೆಗೆ ಕೊಡಿ. ಎಡಕ್ಕೆ ‘ಬರೆದವರು’, ಬಲಕ್ಕೆ ‘ಕೊರೆದವರು’ ಅಂತ ಹಾಕಿ, ಎರಡೂ ಕಡೆ ನಿಮ್ಮದೇ ಹೆಸರು ಬರೆಯಿರಿ.